ಮೂರನೆಯ ತಿರುವಿನ ನಂತರ

ವಿಡರ್‌ಹೋಫ್ ವಸತಿಗೃಹಕ್ಕೆ ಬಂದ ಅತಿಥಿಗಳು ಹೊರಡುವ ದಿನ ಒಂದು ದಪ್ಪ ಪುಸ್ತಕದಲ್ಲಿ ತಮ್ಮ ಅನಿಸಿಕೆ ಬರೆದು ಹೋಗುತ್ತಾರೆ. ಅಂಥ ಪುಸ್ತಕಗಳು ಈಗ ಹನ್ನೊಂದಾಗಿವೆ. ತಿಂಡಿಕೋಣೆಯ ಕಿಟಕಿಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ನಿಂತಿವೆ. ಬರೆದವರು ಅವನ್ನು ಮತ್ತೆ ತೆರೆಯುವುದಿಲ್ಲ. ಬರೆಸಿಕೊಂಡ ಯಜಮಾನಿ ಅಗಾಥಾ ಓಬೆಕ್ಸರ್ ಕೂಡ ಮೊದಲ ಸಾಲು ನೋಡಿ ಮುಚ್ಚಿಡುತ್ತಾಳೆ. ಹನ್ನೊಂದನ್ನೂ ಮೊದಲಿನಿಂದ ಕೊನೆಯವರೆಗೆ ಓದಿದವಳು ಒಬ್ಬಳೇ. ಕೋಣೆ ಗುಡಿಸಿ ಹಾಸಿಗೆ ಹಾಸುತ್ತಿದ್ದ ಫಿಲೊಮೇನಾ ಕ್ರಾನೆಬಿಟ್ಟರ್, ಊರವರ ಬಾಯಲ್ಲಿ ಮೇನಾ.

ಈ ಸಂಗತಿ ನಡೆದಾಗ ಅವಳಿಗೆ ಐವತ್ಮೂರು ವರ್ಷ. ಟಿರೋಲ್ ಎಂಬ ಬೆಟ್ಟಸೀಮೆಯ ಓಬರ್‌ಲಾನ್‌ನಲ್ಲೇ ಹುಟ್ಟಿದವಳು. ವಿಡರ್‌ಹೋಫ್‌ನಲ್ಲಿ ಇಪ್ಪತ್ತಾರು ಚಳಿಗಾಲ ಕಳೆದಿದ್ದಳು. ಬೆಳಿಗ್ಗೆ ಅತಿಥಿಗಳು ಹಿಮದ ಮೇಲೆ ಜಾರುವ ಸ್ಕೀ ಹೆಗಲಿಗೇರಿಸಿ ಹೊರಡುವವರೆಗೆ ಕೋಣೆಗಳು ಖಾಲಿಯಾಗುವುದಿಲ್ಲ. ಆ ಅರ್ಧ ಗಂಟೆ ಅವಳು ಕಿಟಕಿಯ ಬಳಿ ನಿಂತು ಓದುತ್ತಿದ್ದಳು. ಐಂಡ್‌ಹೋವನ್‌ನ ಒಬ್ಬಾಕೆ ಎಂಬತ್ತೇಳನೆಯ ಇಸವಿಯಲ್ಲಿ ಬರೆದಿದ್ದಳು: "ಮೊದಲ ತಿರುವಿನಲ್ಲಿ ದೇವರನ್ನು ಕರೆದೆ, ಎರಡನೆಯದರಲ್ಲಿ ಗಂಡನನ್ನು ಬೈದೆ, ಮೂರನೆಯ ತಿರುವಿನ ನಂತರ ಹೆದರಿಕೆ ಹೊರಟುಹೋಯಿತು." ಸ್ಟುಟ್‌ಗಾರ್ಟ್‌ನ ಎಂಜಿನಿಯರ್ ಒಬ್ಬ ಹಿಮವನ್ನು ಗಂಟೆಗಂಟೆಗೆ ಪರೀಕ್ಷಿಸಿದ್ದ: "ಒಂಬತ್ತಕ್ಕೆ ಸಕ್ಕರೆ, ಹನ್ನೊಂದಕ್ಕೆ ಉಪ್ಪು, ಎರಡಕ್ಕೆ ಗಂಜಿ." ಡೆನ್ಮಾರ್ಕಿನ ಹುಡುಗಿಯೊಬ್ಬಳಿಗೆ ತುದಿಯಲ್ಲಿ ನಿಂತಾಗ ತನ್ನ ಉಸಿರಿನ ಸದ್ದು ಬೇರೆ ಯಾರದೋ ಎನ್ನಿಸಿತ್ತು. ಬ್ರೇಮನ್‌ನ ಉಪಾಧ್ಯಾಯರೊಬ್ಬರು ಮಾತು ಬೆಳೆಸಿರಲಿಲ್ಲ: "ಏಳು ದಿನ ಇದ್ದೆ. ಸ್ಕೀ ಮಾಡಲಿಲ್ಲ. ಹಂದಿಮಾಂಸದ ಕಡುಬು ಚೆನ್ನಾಗಿತ್ತು."

ಇಪ್ಪತ್ತಾರು ವರ್ಷ ಓದಿದ್ದರ ಫಲವಾಗಿ ಲಾನ್‌ಕೋಗೆಲ್ ಬೆಟ್ಟ ಮೇನಾಳಿಗೆ ಬಾಯಿಪಾಠವಾಗಿತ್ತು. ಯಾವ ಇಳಿಜಾರಿನಲ್ಲಿ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ, ಎಲ್ಲಿ ಗಾಳಿ ಹಿಮವನ್ನು ಗುಡಿಸಿಕೊಂಡು ಹೋಗಿ ಬರೀ ಗಾಜು ಉಳಿಸುತ್ತದೆ, ಯಾವ ಲಾರ್ಚ್ ಮರದ ಎಡಕ್ಕೆ ಹೋದರೆ ಮಂಡಿಗೆ ಸುಖ, ಎಲ್ಲ ಗೊತ್ತು. ಟವೆಲು ಬದಲಿಸುವಾಗ ಅತಿಥಿಗಳು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಅವಳು ಹೇಳಿದ್ದು ತಪ್ಪಾದದ್ದು ಕಡಿಮೆ. ಮುಂಬಾಗಿಲ ಮೇಜಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಟ್ರೌಡಿ ಕೂಡ ಎಷ್ಟೋ ಸಲ ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದಳು: "ಮೇನಾ, ಇವತ್ತು ಹಿಂಭಾಗದ ದಾರಿ ಹೇಗಿರುತ್ತೆ?"

ಮೇನಾ ಒಮ್ಮೆಯೂ ಸ್ಕೀ ಕಟ್ಟಿದವಳಲ್ಲ ಎಂಬುದು ಯಾರಿಗೂ ತಿಳಿದಿರಲಿಲ್ಲ. ಮುಚ್ಚಿಟ್ಟದ್ದೇನೂ ಅಲ್ಲ, ಯಾರೂ ಕೇಳಿರಲಿಲ್ಲ. ಓಬರ್‌ಲಾನ್‌ನವರನ್ನು ಸ್ಕೀ ಬರುತ್ತದೆಯೇ ಎಂದು ಕೇಳುವುದು, ಬೆಸ್ತರ ಕೇರಿಗೆ ಹೋಗಿ ದೋಣಿ ಹತ್ತಿದ್ದೀರಾ ಎಂದು ಕೇಳಿದ ಹಾಗೆ.

ಅವಳ ತಂದೆಯ ಮನೆ ಕಣಿವೆಯ ನೆರಳಿನ ಮಗ್ಗುಲಲ್ಲಿತ್ತು. ಎಪ್ಪತ್ತರ ದಶಕದಲ್ಲಿ ಆ ಕಡೆಯ ರೈತರೆಲ್ಲ ಚಳಿಗಾಲಕ್ಕೆ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಅತಿಥಿಗಳು ಬಂದರೆಂದರೆ ಮಕ್ಕಳು ಅಟ್ಟಕ್ಕೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮೇನಾಳ ಹಾಸಿಗೆ ಅವಳದಾಗಿರುತ್ತಿರಲಿಲ್ಲ. ಅದನ್ನು ದಿನಾ ಬೆಳಿಗ್ಗೆ ಬೇರೆಯವರಿಗಾಗಿ ಹಾಸುವ ಕೆಲಸ ಮಾತ್ರ ಅವಳದು. ಮನೆಗೆ ಒಂದೇ ಜೊತೆ ಸ್ಕೀ. ಅದು ದೊಡ್ಡಣ್ಣನಿಂದ ಚಿಕ್ಕಣ್ಣನಿಗೆ, ಅವನಿಂದ ತಮ್ಮನಿಗೆ ಹೋಯಿತು. ಶಾಲೆಯ ಸ್ಕೀ ದಿನಕ್ಕೆ ತಾಯಿ ಚೀಟಿ ಬರೆದುಕೊಡುತ್ತಿದ್ದಳು, ಹುಡುಗಿಗೆ ಕೆಮ್ಮು ಎಂದು. ಆ ದಿನ ಮೇನಾ ಹದಿನಾಲ್ಕು ಜನರಿಗೆ ಕಾಫಿ ಹೊತ್ತಿದ್ದಳು. ಆಮೇಲೆ ಕೆಲಸ, ಮದುವೆ, ಗಂಡನ ಕಾಯಿಲೆ, ಗಂಡನ ಸಾವು, ಮತ್ತೆ ಕೆಲಸ. ಹಿಮ ಬಿದ್ದಾಗ ಕೆಲಸವಿತ್ತು, ಬಿಡುವಿದ್ದಾಗ ಹಿಮವಿರಲಿಲ್ಲ.

ಎರಡು ವರ್ಷದ ಹಿಂದೆ, ಜನವರಿಯ ಮೊದಲ ವಾರ, ಟ್ರೌಡಿ ಮಾರ್ಚಿಗೆ ನಿವೃತ್ತಳಾಗುವುದಾಗಿ ಹೇಳಿದಳು. ಆ ಹೊತ್ತಿಗೆ ಮೇನಾಳ ಬಲ ಭುಜ ಸವೆದಿತ್ತು. ಇನ್ನೆರಡು ಚಳಿಗಾಲ ಹಾಸಿಗೆ ಎತ್ತಿದರೆ ಆಮೇಲೆ ಚಮಚ ಎತ್ತುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆದರೆ ಅವಳಿಗೆ ಮುಂಬಾಗಿಲ ಮೇಜು ಬೇಕಾದದ್ದು ಭುಜಕ್ಕಾಗಿ ಮಾತ್ರವಲ್ಲ. ಅಲ್ಲಿ ಕೂತವಳ ಎದೆಯ ಮೇಲೆ ಹೆಸರಿನ ಪಟ್ಟಿ ಇರುತ್ತದೆ. ಅತಿಥಿ ಅದನ್ನು ಓದಿ ಹೆಸರು ಹಿಡಿದು ಕೇಳುತ್ತಾನೆ. ಮಹಡಿಯಲ್ಲಿ ಹಾಗಲ್ಲ; ಅಲ್ಲಿ ಉತ್ತರ ಹೇಳುವವಳು ಟವೆಲಿನ ಹಿಂದೆ ಇರುತ್ತಾಳೆ.

ಅಗಾಥಾ ಅಡುಗೆಮನೆಯಲ್ಲಿ ಮೊಟ್ಟೆ ಎಣಿಸುತ್ತಿದ್ದಾಗ ಮೇನಾ ಒಳಗೆ ಬಂದಳು.

"ಟ್ರೌಡಿ ಬಿಡ್ತಾಳಂತೆ, ಯಜಮಾನಮ್ಮ."

"ಹೂಂ. ಇನ್ಸ್‌ಬ್ರುಕ್‌ನಿಂದ ಯಾರನ್ನಾದ್ರೂ ಕರೆಸೋಣ ಅಂತಿದೀನಿ."

"ಯಾಕೆ, ನಾನು ಸತ್ತಿದೀನಾ?"

ಅಗಾಥಾ ಮೊಟ್ಟೆಯ ಲೆಕ್ಕ ತಪ್ಪಿದಳು. "ನೀನಾ? ಮತ್ತೆ ಹಾಸಿಗೆ ಯಾರು ಹಾಸ್ತಾರೆ?"

"ಹಾಸಿಗೆ ಹಾಸೋರು ಸಿಗ್ತಾರೆ. ಟ್ರೌಡಿಗೆ ಗೊತ್ತಾಗದೇ ಇದ್ದದ್ದನ್ನ ಅವಳು ಯಾರನ್ನ ಕೇಳ್ತಾಳೆ, ನೀವೇ ಹೇಳಿ."

ಅಗಾಥಾ ನಕ್ಕಳು. "ಅದೂ ನಿಜ. ಬೆಟ್ಟ ನಿನ್ನಷ್ಟು ಗೊತ್ತಿರೋರು ಈ ಮನೇಲಿ ಇಲ್ಲ. ಆದ್ರೆ ಮೇಜಿನ ಜೊತೆ ಗುರುವಾರನೂ ಬರುತ್ತೆ, ನೆನಪಿರ್ಲಿ."

ಗುರುವಾರ ಎಂದರೆ ಮನೆಯ ಸುತ್ತು. ಪ್ರತಿ ಗುರುವಾರ ಬೆಳಿಗ್ಗೆ ವಿಡರ್‌ಹೋಫ್‌ನ ಏಳೆಂಟು ಅತಿಥಿಗಳನ್ನು ಮೇಜಿನವಳೇ ಲಾನ್‌ಕೋಗೆಲ್ ತುದಿಗೆ ಕರೆದೊಯ್ದು, ಮಧ್ಯಮ ಇಳಿಜಾರಿನ ಕೆಂಪು ದಾರಿಯಲ್ಲಿ ಊರಿನವರೆಗೆ ಇಳಿಸಿಕೊಂಡು ಬರಬೇಕು. ಅಗಾಥಾಳ ಅತ್ತೆಯ ಕಾಲದಿಂದ ಹೀಗೇ.

"ನೆನಪಿದೆ" ಎಂದಳು ಮೇನಾ.

ತನಗೆ ಸ್ಕೀ ಬರುವುದಿಲ್ಲ ಎಂಬುದು ಇಷ್ಟು ವರ್ಷ ಯಾರೂ ಕೇಳದ್ದರಿಂದ ಹೇಳದೆ ಉಳಿದ ಮಾತು. ಆ ಬೆಳಿಗ್ಗೆಯಿಂದ ಅದನ್ನು ಹೇಳದಿರುವುದು ಸುಳ್ಳಾಯಿತು. ಮಾರ್ಚಿಗೆ ಎಂಟು ವಾರವಿತ್ತು.

ವಸತಿಗೃಹದ ಕೆಲಸದವರಿಗೆ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗೆ ಬಿಡುವು. ಅದಕ್ಕೆ ಇಲ್ಲಿ ಕೋಣೆಗಂಟೆ ಎನ್ನುತ್ತಾರೆ, ಕೋಣೆಗೆ ಹೋಗಿ ಮಲಗಲಿ ಎಂದು ಕೊಟ್ಟ ಹೊತ್ತು. ಮೇನಾ ಮರುದಿನದಿಂದ ಮಲಗಲಿಲ್ಲ. ಓಬರ್‌ಲಾನ್‌ನ ಕಲಿಯುವವರ ಬಯಲು ಎಲ್ಲ ಹೋಟೆಲುಗಳ ಕಿಟಕಿಗೆ ಕಾಣುವಂಥದ್ದು, ಅಲ್ಲಿ ಸಾಧ್ಯವಿರಲಿಲ್ಲ. ಅವಳು ಬಸ್ಸು ಹಿಡಿದು ಎರಡು ನಿಲ್ದಾಣ ಆಚೆಯ ಹಿಂಟರ್‌ಮೋಸ್‌ಗೆ ಹೋದಳು. ಅಲ್ಲಿ ಹಗ್ಗ ಹಿಡಿದು ಮೇಲಕ್ಕೆ ಎಳೆಸಿಕೊಳ್ಳುವ ಒಂದು ಹಳೆಯ ಯಂತ್ರವಿದೆ. ಇಳಿಜಾರು ಇನ್ನೂರು ಮೀಟರಿಗಿಂತ ಹೆಚ್ಚಿಲ್ಲ. ಯಂತ್ರ ನೋಡಿಕೊಳ್ಳುವ ರೋಮೆಡ್‌ಗೆ ಅರವತ್ತೊಂದು. ಮೇನಾಳ ದೊಡ್ಡಣ್ಣನ ಜೊತೆ ಓದಿದವನು.

"ರೋಮೆಡ್, ನನಗೆ ಸ್ಕೀ ಬರಲ್ಲ. ಎಂಟು ವಾರದಲ್ಲಿ ಲಾನ್‌ಕೋಗೆಲ್ ಇಳೀಬೇಕು. ನಗೋದಿದ್ರೆ ಈಗ್ಲೇ ನಕ್ಕುಬಿಡು."

ರೋಮೆಡ್ ಹೇಳಿದಂತೆಯೇ ಮಾಡಿದ. ಕಣ್ಣೊರೆಸಿಕೊಂಡು ಕೇಳಿದ: "ನಿನ್ನಣ್ಣ ಕಣಿವೆಗೇ ಎರಡನೇ ಬಹುಮಾನ ತಗೊಂಡವನು. ಅವನಿಗೆ ಗೊತ್ತಾ?"

"ಅವನಿಗೆ ಯಾಕೆ ಗೊತ್ತಾಗುತ್ತೆ? ಆವಾಗ ಅವನು ಬೆಟ್ಟದ ಮೇಲಿದ್ದ, ನಾನು ಅವನ ಕಾಲುಚೀಲ ಒಗೀತಿದ್ದೆ."

ರೋಮೆಡ್ ನಗುವುದನ್ನು ನಿಲ್ಲಿಸಿದ. ಗುಡಿಸಲಿನ ಹಿಂದಿನಿಂದ ಗಿಡ್ಡ ಸ್ಕೀ ತಂದು ಅವಳ ಕಾಲ ಬಳಿ ಇಟ್ಟ.

ಮೊದಲು ಕಲಿಸುವುದು ನೇಗಿಲು. ಎರಡು ಸ್ಕೀಗಳ ಮೂತಿ ಒಟ್ಟಿಗೆ ತಂದು, ಬಾಲ ಅಗಲಿಸಿ, ಒಳ ಅಂಚಿನಿಂದ ಹಿಮವನ್ನು ಉಳುತ್ತ ನಿಧಾನಕ್ಕೆ ಇಳಿಯುವುದು. ಮೊದಲ ವಾರ ಮೇನಾ ಉತ್ತದ್ದಕ್ಕಿಂತ ಬಿತ್ತಿದ್ದೇ ಹೆಚ್ಚು ಎಂದು ರೋಮೆಡ್ ಈಗಲೂ ಹೇಳುತ್ತಾನೆ. ತಾನೇ ಬೀಜ, ಇಪ್ಪತ್ತು ಹೆಜ್ಜೆಗೊಂದು ಕಡೆ.

"ಸೊಂಟ ಬಗ್ಗಿಸ್ಬೇಡ ಮಾರಾಯ್ತಿ! ಹಿಮಕ್ಕೆ ಹೊದಿಕೆ ಹಾಸೋಕೆ ಬಂದಿದೀಯಾ?"

"ದಿನಕ್ಕೆ ಹದಿನೆಂಟು ಹಾಸಿಗೆ ಹಾಸೋ ಸೊಂಟ ಇದು. ಇದಕ್ಕೆ ಗೊತ್ತಿರೋದೇ ಅದು."

"ಹಾಗಾದ್ರೆ ಮಂಚದ ಕೆಳಗೆ ಕಸ ಗುಡಿಸೋವಾಗ ಹೇಗೆ ಕೂರ್ತೀಯ? ಹಾಗೆ ಮಂಡಿ ಮಡಿಸು."

ಅದು ಅವಳಿಗೆ ಅರ್ಥವಾಯಿತು. ಎರಡನೆಯ ವಾರ ಅವಳು ನಿಲ್ಲಬಲ್ಲವಳಾದಳು. ನಾಲ್ಕನೆಯ ವಾರ ತಿರುಗಬಲ್ಲವಳಾದಳು, ಎಡಕ್ಕೆ ಚೆನ್ನಾಗಿ, ಬಲಕ್ಕೆ ಅರೆಬರೆ. ಫೆಬ್ರವರಿಯಲ್ಲಿ ಒಂದು ದಿನ ಮಣಿಕಟ್ಟು ಊದಿಕೊಂಡಿತು. ಬಟ್ಟೆ ಬಿಗಿದು ಸಂಜೆ ಹದಿನೆಂಟು ದಿಂಬಿನ ಚೀಲ ಬದಲಿಸಿದಳು. ಏನಾಯಿತೆಂದು ಟ್ರೌಡಿ ಕೇಳಿದ್ದಕ್ಕೆ ಬಚ್ಚಲಲ್ಲಿ ಜಾರಿದೆ ಎಂದಳು. ಜಾರಿದ್ದಂತೂ ನಿಜ.

ಎಂಟನೆಯ ವಾರದ ಕೊನೆಗೆ ರೋಮೆಡ್ ಯಂತ್ರ ನಿಲ್ಲಿಸಿ ಅವಳ ಬಳಿ ಬಂದ.

"ನೋಡು, ಇದು ಹಿತ್ತಲು. ಲಾನ್‌ಕೋಗೆಲ್ ಬೆಟ್ಟ. ಗುರುವಾರಕ್ಕೆ ಮೊದ್ಲು ಒಂದ್ಸಲ ಆದ್ರೂ ಅಲ್ಲಿ ಇಳಿದು ಬಾ."

"ಅಲ್ಲಿ ಊರೇ ನೋಡುತ್ತೆ."

"ಗುರುವಾರ ಏನು ಊರು ಕಣ್ಣು ಮುಚ್ಕೊಂಡಿರುತ್ತಾ?"

"ದಾರಿ ನನಗೆ ಬಾಯಿಪಾಠ ಕಣೋ. ಎಷ್ಟು ಜನ ಬರೆದಿದ್ದನ್ನ ಓದಿದೀನಿ."

"ಬಾಯಲ್ಲಿ ಇಳಿಯೋ ಹಾಗಿದ್ರೆ ನಮ್ಮೂರಿನ ಪಾದ್ರಿ ದಿನಾ ನಾಲ್ಕು ಸಲ ಇಳೀತಿದ್ರು" ಎಂದ ರೋಮೆಡ್.

ಅವಳು ಹೋಗಲಿಲ್ಲ. ಆ ಚಳಿಗಾಲದಲ್ಲಿ ಮೇನಾ ಮಾಡಿದ ತಪ್ಪು ಅದೊಂದೇ ಎಂದು ರೋಮೆಡ್‌ನ ಅಭಿಪ್ರಾಯ. ಅಗಾಥಾಳ ಪಟ್ಟಿ ಇನ್ನೂ ಉದ್ದವಿದೆ.

ಮಾರ್ಚಿನ ಮೊದಲ ಗುರುವಾರ ಎಂಟು ಅತಿಥಿಗಳು ಸಿದ್ಧರಾಗಿದ್ದರು. ಹೊಸಬಳ ಮೊದಲ ಸುತ್ತು ಎಂದು ಅಗಾಥಾ ತಾನೂ ಸ್ಕೀ ತೆಗೆದುಕೊಂಡು ಬಂದಳು. ಇದನ್ನು ಮೇನಾ ಎಣಿಸಿರಲಿಲ್ಲ. ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು, ಕಾಲಲ್ಲಿ ಟ್ರೌಡಿ ಬಿಟ್ಟುಹೋದ ಬೂಟುಗಳು. ತಂತಿಯ ಮೇಲೆ ಓಡುವ ಗಾಜಿನ ತೊಟ್ಟಿಲಲ್ಲಿ ಎಲ್ಲರೂ ಎದುರುಬದುರು ಕೂತರು. ಊರು ಸಣ್ಣದಾಗುತ್ತ ಹೋಯಿತು.

ಈ ಬೆಟ್ಟಗಳಲ್ಲಿ ಒಂದು ರೂಢಿ ಇದೆ. ಸಾವಿರ ಮೀಟರ್ ದಾಟಿದರೆ 'ನೀವು' ಎಂಬುದು ಇಲ್ಲ. ಕೆಳಗೆ ಯಾರು ಏನೇ ಆಗಿರಲಿ, ಮೇಲೆ ಎಲ್ಲರೂ ಎಲ್ಲರಿಗೂ 'ನೀನು'. ಊರು ಇರುವುದು ಒಂಬೈನೂರರವತ್ತರಲ್ಲಿ. ಹಾಗಾಗಿ ಮೊದಲ ಕಂಬ ದಾಟುವಷ್ಟರಲ್ಲಿ ಮಾತು ತಾನಾಗಿ ಬದಲಾಗುತ್ತದೆ, ಯಾರೂ ಯೋಚಿಸುವುದಿಲ್ಲ. ತಿಂಡಿಯ ಹೊತ್ತಿಗೆ ಅಗಾಥಾಳಿಗೆ "ಬೆಣ್ಣೆ ಕೊಡಿಸ್ತೀರಾ, ತಾಯಿ?" ಎಂದಿದ್ದ ಲಿಂಟ್ಸ್‌ನ ನಿವೃತ್ತ ನ್ಯಾಯಾಧೀಶ ಹೈಮೋ ತೊಟ್ಟಿಲಲ್ಲಿ ಅವಳ ಮಂಡಿ ತಟ್ಟಿ ಹೇಳಿದ: "ಅಗಾಥಾ, ನಿನ್ನ ಕೈಗವಸು ಬಿತ್ತು ನೋಡೇ."

"ನಿನ್ನ ಕನ್ನಡಕ ಬೀಳದ ಹಾಗೆ ನೋಡ್ಕೋ, ಹೈಮೋ. ಹೋದ್ವರ್ಷ ನಿನ್ನನ್ನ ಹುಡುಕಿದ್ದಕ್ಕಿಂತ ಅದನ್ನ ಹುಡುಕಿದ್ದೇ ಹೆಚ್ಚು."

ಮೇನಾಳಿಗೂ ರೂಢಿ ಗೊತ್ತು. ಹೊಸ ಅತಿಥಿಗಳಿಗೆ ಅವಳೇ ಅದನ್ನು ವಿವರಿಸಿದ್ದುಂಟು.

ತುದಿಯ ನಿಲ್ದಾಣದಲ್ಲಿ ಬಾಗಿಲು ತೆರೆಯಿತು. ಎರಡು ಸಾವಿರದ ನೂರು ಮೀಟರಿನ ಗಾಳಿ ಒಳಗೆ ನುಗ್ಗಿತು. ಮೇನಾ ಪಕ್ಕಕ್ಕೆ ಸರಿದು, ಇಪ್ಪತ್ತಾರು ವರ್ಷ ಪ್ರತಿ ಬಾಗಿಲ ಮುಂದೆ ಮಾಡಿದಂತೆ ತಲೆ ತುಸು ಬಾಗಿಸಿ ಹೇಳಿದಳು:

"ನೀವು ಮೊದ್ಲು ಇಳೀರಿ, ಯಜಮಾನಮ್ಮ."

ಎಲ್ಲರೂ ತಿರುಗಿ ನೋಡಿದರು. ಹೈಮೋ ತಮಾಷೆಯೆಂದು ನಗಲು ಹೊರಟವನು ಅಗಾಥಾಳ ಮುಖ ನೋಡಿ ನಿಲ್ಲಿಸಿದ. ಚರ್ಚಿನಲ್ಲಿ ಟೊಪ್ಪಿ ತೆಗೆಯದೆ ಕೂತವನನ್ನು ನೋಡಿದಂತೆ ಅಗಾಥಾ ಅವಳನ್ನು ನೋಡುತ್ತಿದ್ದಳು. ಬೆಟ್ಟಕ್ಕೆ ಬರುವ ಓಬರ್‌ಲಾನ್‌ನವರ ಬಾಯಲ್ಲಿ ಇಲ್ಲಿ 'ನೀವು' ಎಂಬ ಶಬ್ದ ಬರುವುದಿಲ್ಲ. ಸಿಟ್ಟಿನಲ್ಲೂ ಬರುವುದಿಲ್ಲ, ಮರೆವಿನಲ್ಲೂ ಬರುವುದಿಲ್ಲ.

ಅತಿಥಿಗಳು ಸ್ಕೀ ಕಟ್ಟಿಕೊಳ್ಳುತ್ತಿದ್ದಾಗ ಅಗಾಥಾ ಅವಳನ್ನು ನಿಲ್ದಾಣದ ಗೋಡೆಯ ಮರೆಗೆ ಕರೆದಳು.

"ನಿಜ ಹೇಳು. ಸ್ಕೀ ಕಟ್ಕೊಂಡು ಇಲ್ಲಿಗೆ ಎಷ್ಟು ಸಲ ಬಂದಿದೀಯ?"

"ಇದೇ ಮೊದಲು."

"ಈ ವರ್ಷ ಮೊದಲಾ?"

"ಹುಟ್ಟಿದ್ಮೇಲೆ."

ಅಗಾಥಾ ಉಸಿರು ಬಿಟ್ಟಳು. "ಹಾಸಿಗೆ ಹಾಸೋಳಿಗೆ ಸ್ಕೀ ಬರದೇ ಇದ್ರೆ ನನಗೇನೂ ಇಲ್ಲ. ಆದ್ರೆ ಎಂಟು ಜನರನ್ನ ನಂಬಿಸಿ ಇಲ್ಲಿಗೆ ಕರ್ಕೊಂಡು ಬಂದ್ಯಲ್ಲ, ಒಬ್ಬರಿಗೆ ಏನಾದ್ರೂ ಆಗಿದ್ರೆ?"

ತನ್ನ ಕಾಲು, ತನ್ನ ಮಾನ, ತನ್ನ ಮೇಜು, ಎಂಟು ವಾರ ಮೇನಾ ಯೋಚಿಸಿದ್ದು ಇಷ್ಟನ್ನೇ. ಹಿಂದೆ ಬರುವವರ ಬಗ್ಗೆ ಯೋಚಿಸಿರಲಿಲ್ಲ.

"ತಪ್ಪಾಯ್ತು" ಎಂದಳು. "ಅವರನ್ನ ನಾನು ಕರ್ಕೊಂಡು ಹೋಗಲ್ಲ."

"ನೀನು ತೊಟ್ಟಿಲಲ್ಲಿ ಇಳಿ. ಕೆಳಗೆ ಮಾತಾಡೋಣ."

"ತೊಟ್ಟಿಲಲ್ಲಿ ಇಳಿದ್ರೆ ಕೆಳಗೆ ಮಾತೇ ಇರಲ್ಲ. ನಾಳೆಯಿಂದ ಮತ್ತೆ ಹದಿನೆಂಟು ಹಾಸಿಗೆ. ನಾನು ಇಳಿದೇ ಬರ್ತೀನಿ."

"ಹುಚ್ಚು ಹಿಡೀತಾ ನಿನಗೆ?"

"ಹಿಂಟರ್‌ಮೋಸ್‌ನಲ್ಲಿ ಎಂಟು ವಾರ ಕಲ್ತಿದೀನಿ. ಒಂದು ಕೋಣೆಗಂಟೆನೂ ಬಿಟ್ಟಿಲ್ಲ."

ಅಗಾಥಾ ಅವಳ ಊದಿ ಇಳಿದ ಮಣಿಕಟ್ಟನ್ನು ನೋಡಿದಳು. ಬಚ್ಚಲ ಕಥೆ ಅವಳಿಗೂ ತಲುಪಿತ್ತು. ನಂತರ ಹೈಮೋನನ್ನು ಕರೆದಳು. ಮೂವತ್ತು ಚಳಿಗಾಲ ಅದೇ ದಾರಿಯಲ್ಲಿ ಇಳಿದವನು ಅವನು. ಉಳಿದವರನ್ನು ನಡುವಿನ ಉಪಾಹಾರ ಮನೆಯವರೆಗೆ ಕರೆದೊಯ್ದು ಕಾಯಲು ಹೇಳಿದಳು. ಮೇನಾಳ ಕಡೆ ತಿರುಗಿ ಶರತ್ತು ಹಾಕಿದಳು: "ನಾನು ಹಿಂದಿರ್ತೀನಿ. ಎತ್ತಲ್ಲ, ಹಿಡಿಯಲ್ಲ. ಆಗಲ್ಲ ಅಂತ ಒಂದ್ಸಲ ಅಂದ್ರೂ ಸಾಕು, ರಕ್ಷಣೆಯವರ ಜಾರುಬಂಡಿ ಕರೆಸ್ತೀನಿ. ಕರೆಸಿದ್ರೆ ಮೇಜಿನ ಮಾತು ಮತ್ತೆ ಎತ್ಬಾರ್ದು."

"ಒಪ್ಪಿದೆ."

ಮೇನಾ ನೇಗಿಲು ಹಿಡಿದು ಹೊರಟಳು. ಹಿಂಟರ್‌ಮೋಸ್‌ನ ಇಳಿಜಾರಿನಲ್ಲಿ ಕೆಳಗೆ ನೋಡಿದರೆ ರೋಮೆಡ್‌ನ ಗುಡಿಸಲು ಕಾಣುತ್ತಿತ್ತು. ಇಲ್ಲಿ ನೋಡಿದರೆ ಇಳಿಜಾರಿನ ಅಂಚು, ಅದರಾಚೆ ಏನೂ ಇಲ್ಲ, ಅದರಾಚೆ ಎದುರು ಬೆಟ್ಟ. ಮೊದಲ ತಿರುವು ಎಡಕ್ಕೆ, ಆಯಿತು. ಎರಡನೆಯದು ಬಲಕ್ಕೆ, ಸ್ಕೀ ಮೂತಿಗಳು ಒಂದರ ಮೇಲೊಂದು ಹತ್ತಿ ಅವಳು ಕುಕ್ಕರಿಸಿದಳು. ಎದ್ದಳು. ಮೂರನೆಯದು ಮತ್ತೆ ಎಡಕ್ಕೆ. ಅದು ಮುಗಿದ ಮೇಲೆ ಅವಳು ನಿಂತು ಕಾದಳು. ಐಂಡ್‌ಹೋವನ್‌ನವಳು ಬರೆದ ಹೆದರಿಕೆ ಹೊರಟುಹೋಗುವ ಜಾಗ ಇದೇ. ಅವಳದು ಹೋಗಲಿಲ್ಲ.

ಆಗ ಅವಳಿಗೆ ಒಂದು ಸಣ್ಣ ವಿಷಯ ಹೊಳೆಯಿತು. ಆ ಪುಸ್ತಕಗಳಲ್ಲಿ ಬರೆದವರೆಲ್ಲ ಕೆಳಗೆ ತಲುಪಿದವರು. ಇಳಿದು, ಬಿಸಿ ನೀರಿನಲ್ಲಿ ಮಿಂದು, ಅವಳೇ ಹಾಸಿದ ಹಾಸಿಗೆಯಲ್ಲಿ ಮಲಗಿ ಎದ್ದು, ಹೊರಡುವ ಬೆಳಿಗ್ಗೆ ಕಾಫಿ ಕುಡಿಯುತ್ತ ಬರೆದವರು. ಹೆದರಿಕೆ ಎಲ್ಲಿ ಹೋಯಿತು ಎಂದು ಅವರಿಗೆ ಹೇಗೆ ನೆನಪಿರುತ್ತದೆ? ಇಳಿಜಾರಿನ ನಡುವೆ ನಿಂತು ಯಾರೂ ಒಂದು ಸಾಲೂ ಬರೆದಿರಲಿಲ್ಲ.

"ಆಗಲ್ವಾ?" ಹಿಂದಿನಿಂದ ಅಗಾಥಾ ಕೇಳಿದಳು.

"ನಾನೇನಾದ್ರೂ ಅಂದ್ನಾ?"

ಹೆದರಿಕೆಯನ್ನು ಜೊತೆಯಲ್ಲೇ ಇಟ್ಟುಕೊಂಡು ಅವಳು ಮುಂದೆ ಹೊರಟಳು. ಓದಿದ್ದೆಲ್ಲ ವ್ಯರ್ಥವಾಗಲಿಲ್ಲ. ಒಂಟಿ ಲಾರ್ಚ್ ಮರದ ಎಡಕ್ಕೆ ಹೋದಳು. ಬಲಕ್ಕೆ ಹೋದ ಇಬ್ಬರು ಯುವಕರು ಗಾಜಿನಂಥ ಮಂಜುಗಡ್ಡೆಯ ಮೇಲೆ ಕರಕರ ಜಾರುತ್ತ ಅವಳ ಕಣ್ಣೆದುರೇ ಬಿದ್ದರು. ಅಗಾಥಾ ಕೂಡ ಎಡಕ್ಕೇ ಬಂದಳು. ಮುಂದೆ ಕಲ್ಲಿನ ಪುಟ್ಟ ಪ್ರಾರ್ಥನಾ ಗುಡಿ ಬಂತು. ಗುಡಿ ದಾಟಿದ ಕೂಡಲೇ ಬಲಕ್ಕೆ ಹೊರಳಿದರೆ ಚರ್ಚಿನ ಅಂಗಳದಷ್ಟು ಅಗಲವಾದ ಸಮತಟ್ಟು ಜಾಗ, ಅಲ್ಲಿ ದಣಿವಾರಿಸಿಕೊಳ್ಳಬಹುದು ಎಂದು ಕನಿಷ್ಠ ಇಪ್ಪತ್ತು ಜನ ಬರೆದಿದ್ದರು. ಮೇನಾಳ ಕಾಲುಗಳು ಆ ಅಂಗಳಕ್ಕಾಗಿ ಕಾಯುತ್ತಿದ್ದವು. ಅವಳು ಬಲಕ್ಕೆ ಹೊರಳಿದಳು.

"ಮೇನಾ, ಅಲ್ಲಲ್ಲ!" ಎಂದು ಅಗಾಥಾ ಕೂಗಿದ್ದು ಕೇಳಿಸಿತು.

ಅಲ್ಲಿ ಅಂಗಳವಿರಲಿಲ್ಲ. ಹದಿನೈದು ವರ್ಷದ ಹಿಂದೆ ದಾರಿಯನ್ನು ಎಡಕ್ಕೆ ಬದಲಿಸಿದ್ದರು. ಹಳೆಯ ಅಂಗಳದಲ್ಲಿ ಈಗ ಹಿಮ ತಡೆಯುವ ಬೇಲಿ, ಅದರ ಮುಂದೆ ಯಾವ ಯಂತ್ರವೂ ತುಳಿಯದ ಎದೆಮಟ್ಟದ ಹಿಮ. ಅಂಗಳದ ಬಗ್ಗೆ ಅವಳು ಓದಿದ ಅನಿಸಿಕೆಗಳೆಲ್ಲ ಮೊದಲ ಏಳು ಪುಸ್ತಕಗಳವು. ಆಮೇಲಿನವರು ಆ ಅಂಗಳದ ಬಗ್ಗೆ ಬರೆಯದೆ ಬಿಟ್ಟದ್ದನ್ನು ಅವಳು ಗಮನಿಸಿರಲಿಲ್ಲ. ಸೊಂಟದವರೆಗೆ ಹೂತು, ಮುಂದಕ್ಕೆ ಕವುಚಿ ಬಿದ್ದಳು. ಒಂದು ಸ್ಕೀ ಕಾಲಿನಿಂದ ಕಳಚಿ ಹಿಮದೊಳಗೆ ಮಾಯವಾಯಿತು.

ಅಗಾಥಾ ಅಂಚಿನಲ್ಲಿ ನಿಂತಳು. "ಪೆಟ್ಟಾಯ್ತಾ?"

"ಇಲ್ಲ. ಮಾತಾಡಿಸ್ಬೇಡಿ, ಹುಡುಕ್ತಿದೀನಿ."

ಕೈಗವಸು ತೆಗೆದು ಬರಿಗೈಯಲ್ಲಿ ಹಿಮ ಬಗೆದಳು. ಸ್ಕೀ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಬೇಲಿಯ ಕಂಬ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕುತ್ತ ದಾರಿಗೆ ಹತ್ತಲು ಇನ್ನೂ ಹತ್ತು ನಿಮಿಷ. ಅಷ್ಟರಲ್ಲಿ ಅಗಾಥಾ ಎರಡು ಸಲ ಜೇಬಿನಿಂದ ಫೋನು ತೆಗೆದು ಎರಡು ಸಲವೂ ಒಳಗಿಟ್ಟಳು. ಮೇನಾ ಬೂಟಿನ ಅಡಿಗೆ ಅಂಟಿದ ಹಿಮವನ್ನು ಕೋಲಿನ ತುದಿಯಿಂದ ಕೆರೆದು, ಸ್ಕೀ ಮೇಲೆ ಕಾಲಿಟ್ಟು ತುಳಿದಳು. ಟಕ್ಕೆಂದು ಕೂತಿತು.

"ಎಡಕ್ಕೆ ತಾನೆ?" ಎಂದು ಕೇಳಿದಳು.

"ಎಡಕ್ಕೆ."

ಮೊದಲ ಸಲ ಅವಳು ಬೆಟ್ಟದ ದಾರಿಯನ್ನು ಬೇರೊಬ್ಬರಿಂದ ಕೇಳಿದ್ದಳು. ಅಲ್ಲಿಂದ ಮುಂದೆ ಅವಳು ಪುಸ್ತಕ ನೆನೆಯುವುದನ್ನು ಬಿಟ್ಟು ಎದುರಿಗಿರುವ ಹತ್ತು ಮೀಟರ್ ಮಾತ್ರ ನೋಡಿದಳು. ಹತ್ತು ಮೀಟರ್ ಉತ್ತು ನಿಲ್ಲುವುದು, ಮತ್ತೆ ಹತ್ತು. ಮಕ್ಕಳು ಎರಡೂ ಕಡೆಯಿಂದ ಗುಂಡಿನಂತೆ ಹಾದುಹೋದರು. ಊರಿನ ಸ್ಕೀ ಶಾಲೆಯ ಮೇಷ್ಟ್ರು ಗುರುತು ಹಿಡಿದು, "ಓಹೋ, ಮೇನಾ! ಯಾವ ಹೊಲ ಉಳ್ತಿದೀಯ?" ಎಂದು ಕೂಗಿದ. "ನಿಮ್ಮಪ್ಪಂದು!" ಎಂದು ಅವಳು ತಲೆ ಎತ್ತದೆ ಉತ್ತರಿಸಿದಳು.

ನಡುವಿನ ಉಪಾಹಾರ ಮನೆಯ ಮುಂದೆ ಎಂಟೂ ಅತಿಥಿಗಳು ಬೆಂಚಿನ ಮೇಲೆ ಕೂತಿದ್ದರು. ಹೈಮೋ ಬಿಸಿ ಚಹಾದ ಲೋಟ ಹಿಡಿದು ಎದ್ದು ನಿಂತ.

"ಬಾ ಮೇನಾ, ಕೂತ್ಕೋ. ನಿನಗೋಸ್ಕರ ಎರಡು ಸಲ ಬಿಸಿ ಮಾಡಿಸಿದೀನಿ."

"ಕೂತ್ರೆ ಏಳಲ್ಲ, ಹೈಮೋ. ನೀನೇ ಕುಡಿ" ಎಂದು ಅವಳು ನಿಲ್ಲದೆ ಹೋದಳು. 'ನೀನು' ಎಂದದ್ದು ಅವಳ ಗಮನಕ್ಕೇ ಬಂದಂತಿರಲಿಲ್ಲ.

ಟ್ರೌಡಿಯ ಸುತ್ತು ನಲವತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಮೇನಾ ಕೆಳಗಿನ ನಿಲ್ದಾಣ ತಲುಪುವಾಗ ಎರಡು ಗಂಟೆ ಐವತ್ತು ನಿಮಿಷವಾಗಿತ್ತು. ಒಂಬತ್ತು ಸಲ ಬಿದ್ದಿದ್ದಳು. ತೊಡೆಗಳು ಅವಳ ಮಾತು ಕೇಳುತ್ತಿರಲಿಲ್ಲ. ಬೂಟಿನ ಬಕಲು ಬಿಚ್ಚಲು ಬಗ್ಗಿದವಳು ಹಾಗೇ ಹಿಮದ ಮೇಲೆ ಕೂತಳು. ಅಗಾಥಾ ಪಕ್ಕದಲ್ಲಿ ತನ್ನ ಸ್ಕೀ ಒರೆಸಿ ಜೋಡಿಸಿದಳು. ಅವಳಿಗೆ ಅವಸರವಿರಲಿಲ್ಲ.

"ಮೇಜು ನಿನ್ನದು" ಎಂದಳು ಕೊನೆಗೆ. "ಗುರುವಾರ ನಿನ್ನದಲ್ಲ."

"ಮೇಜಿನ ಜೊತೆ ಗುರುವಾರ ಬರುತ್ತೆ ಅಂದ್ರಿ."

"ಸ್ಕೀ ಬರೋಳ ಮೇಜಿನ ಜೊತೆ."

"ಈಗ ಇಳಿದದ್ದು ಯಾರು?"

"ನೀನು ಇಳಿದೆ, ಸರಿ. ಇಳಿಸಿಕೊಂಡು ಬರೋದು ಬೇರೆ. ಮುಂದಿದ್ದೋಳಿಗೆ ಹಿಂದೆ ಬಿದ್ದೋರ ಹತ್ರ ಹತ್ತಿ ಹೋಗೋಕೆ ಬರಬೇಕು. ನಿನಗೆ ಬರುತ್ತಾ?"

ಮೇನಾ ಯೋಚಿಸಿದಳು. "ಇವತ್ತು ಬರಲ್ಲ."

"ಈ ದಾರೀಲಿ ಐವತ್ತು ಸಲ ಇಳಿ. ಆಮೇಲೆ ಬಂದು ಕೇಳು."

"ಇವತ್ತಿಂದು ಲೆಕ್ಕಕ್ಕಿದೆಯಾ?"

"ಬೇಲಿಗೆ ಹೋಗಿ ಬಂದೋರದ್ದು ಲೆಕ್ಕಕ್ಕಿಲ್ಲ" ಎಂದಳು ಅಗಾಥಾ. ಆಮೇಲೆ ಅವಳಿಗೇ ಅತಿಯೆನಿಸಿರಬೇಕು, ಕೈ ನೀಡಿ ಮೇನಾಳನ್ನು ಎಬ್ಬಿಸಿದಳು. "ಹೋಗಿ ಮಲಕ್ಕೋ. ನಾಲ್ಕೂವರೆಗೆ ಮೇಜಿಗೆ ಬಾ. ಸಂಜೆ ಹಾಲೆಂಡಿನವರು ಆರು ಜನ ಬರ್ತಿದಾರೆ."

ಗಂಟೆ ಒಂದೂವರೆ ದಾಟಿತ್ತು. ಮೇನಾ ಅಡುಗೆಮನೆಯಲ್ಲಿ ನಿಂತೇ ಒಂದು ಬಟ್ಟಲು ಸಾರು ಕುಡಿದಳು, ಕಾಲುಚೀಲ ಬದಲಿಸಿದಳು. ಎರಡಕ್ಕೆ ಕೋಣೆಗಂಟೆ ಶುರುವಾಯಿತು. ಎರಡೂ ಹತ್ತಕ್ಕೆ ಅವಳು ಸ್ಕೀ ಹೊತ್ತು ತೊಟ್ಟಿಲ ನಿಲ್ದಾಣದ ಬಾಗಿಲಲ್ಲಿದ್ದಳು. ಚೀಟಿ ನೋಡುವವನು ಬೆಳಿಗ್ಗೆಯೂ ಅಲ್ಲೇ ಇದ್ದವನು. ಅವಳು ಇಳಿದು ಬಂದದ್ದನ್ನೂ ನೋಡಿದ್ದ.

"ಮತ್ತೆ ಹೋಗ್ತೀರಾ? ಈಗ ಹಿಮ ಗಂಜಿ ಆಗಿರುತ್ತೆ."

"ಗಂಜಿನೋ ಅಲ್ವೋ ನೋಡ್ಕೊಂಡು ಬರ್ತೀನಿ" ಎಂದು ಮೇನಾ ತೊಟ್ಟಿಲು ಹತ್ತಿದಳು.